ಇಂದಿನ ಧಮ್ಮಚಿಂತನೆ: ಪಾತಾಳದ ಕೂಗು



ಇಂದು ನನ್ನದೇ ಒಂದು ತಪ್ಪು ಹೇಳಿಕೊಳ್ಳುತ್ತೇನೆ.

ಕೆಲವು ತಿಂಗಳ ಹಿಂದೆ ನನಗೊಂದು ಆಡಿಯೋ ಬಂತು. ರಷ್ಯಾದ ವಿಜ್ಞಾನಿಗಳು ಸೈಬೀರಿಯಾದಲ್ಲಿ 14 ಕಿಲೋಮೀಟರ್ ಆಳದ ಬಾವಿ ಕೊರೆದು ಮೈಕ್ ಇಳಿಬಿಟ್ಟರಂತೆ. ಕೆಳಗಿನಿಂದ ಸಾವಿರಾರು ಜನ ಚೀರುವ ಸದ್ದು ಕೇಳಿಸಿತಂತೆ. ಅದೇ ನರಕವಂತೆ! ಮೈ ಜುಮ್ಮೆಂದಿತು. ಕೇಳಿದ್ದೇ ತಡ, ಮನೆಯವರ ಗ್ರೂಪಿಗೆ ಕಳಿಸಿಬಿಟ್ಟೆ.

ರಾತ್ರಿ ದೊಡ್ಡಮ್ಮನ ಫೋನು. ಅವರ ಮಗ ಕುಡಿತಕ್ಕೆ ಬಿದ್ದು ಎರಡು ವರ್ಷದ ಹಿಂದೆ ತೀರಿಕೊಂಡಿದ್ದ. “ಮೂರು ಸಲ ಹಾಕಿ ಕೇಳ್ದೆ ಕಣೋ ಮಗಾ. ಅದ್ರಲ್ಲಿ ನಿಮ್ಮಣ್ಣನ ದನೀನೂ ಐತಾ?” ಎಂದರು. ನನಗೆ ಬಾಯಿ ಕಟ್ಟಿತು.

ಆಮೇಲೆ ಹುಡುಕಿ ಓದಿದೆ. ಆಳದ ಬಾವಿ ಇರುವುದು ನಿಜ. ಆದರೆ ಸೈಬೀರಿಯಾದಲ್ಲಲ್ಲ, ನಾರ್ವೆ ಗಡಿಗೆ ಹತ್ತಿರದ ಕೋಲಾ ಪರ್ಯಾಯ ದ್ವೀಪದಲ್ಲಿ. 1970ರಲ್ಲಿ ಕೊರೆಯಲು ಶುರುಮಾಡಿ 1989ರಲ್ಲಿ 12,262 ಮೀಟರ್ ಮುಟ್ಟಿದರು. ಅಲ್ಲಿ ಶಾಖ ಸುಮಾರು 180 ಡಿಗ್ರಿ ಸೆಲ್ಸಿಯಸ್, ಎಣಿಸಿದ್ದಕ್ಕಿಂತ ಬಹಳ ಹೆಚ್ಚು. ಬಂಡೆ ಮೆತ್ತಗಾಗಿ ಕೆಲಸ ಮುಂದೆ ಸಾಗಲಿಲ್ಲ. ಬಾವಿಯ ಅಗಲ ಊಟದ ತಟ್ಟೆಯಷ್ಟೂ ಇಲ್ಲ. ಆ ಚೀರಾಟವೋ, ಹಳೆಯದೊಂದು ಭಯಾನಕ ಸಿನಿಮಾದ ಧ್ವನಿಯನ್ನು ತಿದ್ದಿ ಮಾಡಿದ್ದು. ಈ ಕಥೆ ಅಮೆರಿಕದ ಟಿವಿಯಲ್ಲಿ ಬಂದಾಗ, ಜನ ಎಷ್ಟು ಸುಲಭವಾಗಿ ನಂಬುತ್ತಾರೆ ಎಂದು ನೋಡಲು ನಾರ್ವೆಯ ಶಿಕ್ಷಕರೊಬ್ಬರು ಬೇಕೆಂದೇ ಇನ್ನಷ್ಟು ಸುಳ್ಳು ಸೇರಿಸಿ ಆ ವಾಹಿನಿಗೆ ಬರೆದರು. ಅದೂ ನಿಜವೆಂದೇ ಹರಡಿತು.

ಸಂಯುತ್ತ ನಿಕಾಯದಲ್ಲಿ ‘ಪಾತಾಳ ಸುತ್ತ’ ಎಂಬ ಪುಟ್ಟ ಸುತ್ತವಿದೆ. ಮಹಾಸಾಗರದ ಅಡಿಯಲ್ಲಿ ಪಾತಾಳವಿದೆ ಎನ್ನುವ ಅರಿಯದ ಜನ ಇಲ್ಲದ್ದನ್ನು ಇದೆ ಎನ್ನುತ್ತಾರೆ, ದೇಹಕ್ಕೆ ಬರುವ ದುಃಖವೇದನೆಗೇ ಪಾತಾಳವೆಂದು ಹೆಸರು ಎಂದು ಭಗವಾನರು ಅಲ್ಲಿ ತಿಳಿಸುತ್ತಾರೆ. ನೋವು ಬಂದಾಗ ಎದೆ ಬಡಿದುಕೊಂಡು ಗೋಳಾಡುವವರಿಗೆ ಪಾತಾಳದಲ್ಲಿ ಕಾಲೂರಲು ನೆಲ ಸಿಗುವುದಿಲ್ಲ. ಕಂಗೆಡದವರಿಗೆ ಸಿಗುತ್ತದೆ.

ನಾನು ರಷ್ಯಾದಲ್ಲಿ ಹುಡುಕಿದ ಪಾತಾಳ ನಮ್ಮ ದೊಡ್ಡಮ್ಮನ ಎದೆಯಲ್ಲೇ ಇತ್ತು. ಎರಡು ವರ್ಷದಿಂದ ಅವರು ಅಲ್ಲಿ ಕಾಲೂರಲು ನೆಲ ಹುಡುಕುತ್ತಿದ್ದರು. ನಾನು ಒಂದು ಬೆರಳು ಒತ್ತಿ ಅವರನ್ನು ಮತ್ತೆ ಕೆಳಕ್ಕೆ ತಳ್ಳಿದೆ. ಭಗವಾನರು ನಿರಯದ ಬಗ್ಗೆಯೂ ಹೇಳಿದ್ದಾರೆ, ನಿಜ. ಬದುಕಿರುವವರು ನಡತೆ ತಿದ್ದಿಕೊಳ್ಳಲೆಂದು ಹೇಳಿದ್ದಾರೆಯೇ ಹೊರತು, ಮಗನನ್ನು ಕಳೆದುಕೊಂಡ ತಾಯಿಯನ್ನು ಹೆದರಿಸಲು ಅಲ್ಲ.

ಮರುದಿನವೇ ಊರಿಗೆ ಹೋದೆ. “ಅದು ಸುಳ್ಳು ದೊಡ್ಡಮ್ಮ, ಸಿನಿಮಾ ಸದ್ದು. ನೋಡದೆ ಕಳಿಸಿದ್ದು ನನ್ನ ತಪ್ಪು” ಎಂದೆ. ಬಹಳ ಹೊತ್ತು ಅತ್ತರು. ಆಮೇಲೆ ಅಣ್ಣನ ಹೆಸರಿನಲ್ಲಿ ದೀಪ ಹಚ್ಚಿ, ಇಬ್ಬರೂ ಮೆತ್ತಾ ಭಾವನೆಯಲ್ಲಿ ಕುಳಿತೆವು. ಗ್ರೂಪಿನಲ್ಲೂ ತಪ್ಪೊಪ್ಪಿಕೊಂಡು ಬರೆದೆ.

ಸಮ್ಮಾ ವಾಚಾ ಬಾಯಿಗೆ ಮಾತ್ರವಲ್ಲ, ಬೆರಳಿಗೂ ಸೇರಿದ್ದು. ಇಂದು ಏನನ್ನಾದರೂ ಕಳಿಸುವ ಮುನ್ನ ಕೇಳಿಕೊಳ್ಳೋಣ: ಇದು ನಿಜವೇ? ಇದರಿಂದ ಹಿತವಿದೆಯೇ? ಇದಕ್ಕೆ ಇದು ಸಮಯವೇ? ಗ್ರೂಪಿನಲ್ಲಿ ಎಲ್ಲರಿಗಿಂತ ಹೆಚ್ಚು ನೊಂದವರು ಯಾರೋ, ಅವರ ಕಿವಿಯಿಂದ ಒಮ್ಮೆ ಕೇಳೋಣ.

ಎಲ್ಲ ಜೀವಿಗಳೂ ಸುಖವಾಗಿರಲಿ.
ಭವತು ಸಬ್ಬ ಮಂಗಲಂ. ಸಾಧು, ಸಾಧು, ಸಾಧು.