ಕೇಳಿದ ಗುರುತು ಹಾಡಿನಲ್ಲೋ ಕೇಳುಗರಲ್ಲೋ

ಒಂದು ವಸ್ತುವನ್ನು ನಾವು ಅರಿತಾಗ ಆ ವಸ್ತುವಿನಲ್ಲಿ ಏನಾದರೂ ಬದಲಾಗುತ್ತದೆಯೇ? ಭಾಟ್ಟ ಮೀಮಾಂಸಕರು ಹೌದೆಂದರು: ಅರಿವು ತನ್ನ ವಿಷಯದಲ್ಲಿ ಜ್ಞಾತತೆ ಎಂಬ ಧರ್ಮವನ್ನು ಹುಟ್ಟಿಸುತ್ತದೆ, ಅದನ್ನು ಹಿಡಿದೇ ಅರಿವು ಉಂಟಾಯಿತೆಂದು ಅನುಮಾನಿಸುತ್ತೇವೆ. ನೈಯಾಯಿಕರು ಒಪ್ಪಲಿಲ್ಲ. ಜ್ಞಾನ ಆತ್ಮನ ಗುಣ. ಎಷ್ಟು ಜನ ನೋಡಿದರೂ ಮಡಕೆ ಇದ್ದ ಹಾಗೆಯೇ ಇರುತ್ತದೆ. ಕಂಪ್ಯೂಟರಿನಲ್ಲಿ ಕೂಡಿಟ್ಟ ಹಾಡುಗಳ ಮಾಹಿತಿಯನ್ನು ಪ್ಲೇಯರಿನ ಹೊರಗಿನಿಂದ ತಿದ್ದಲು ಹೊರಟವರು ಈ ಹಳೆಯ ವಾದದ ನಡುವೆಯೇ ನಿಂತಿರುತ್ತಾರೆ. ಹಾಡಿನ ಹೆಸರು, ಗಾಯಕರು, ಆಲ್ಬಮ್ ಎಲ್ಲ ಎಂಪಿ3 ಫೈಲಿಗೇ ಅಂಟಿದ ಐಡಿ3 ಟ್ಯಾಗಿನಲ್ಲಿರುತ್ತವೆ. 1996ರ ಮೊದಲ ರೂಪದಲ್ಲಿ ಅದು ಫೈಲಿನ ಕೊನೆಗೆ ಸೇರಿಸಿದ 128 ಬೈಟುಗಳಷ್ಟೇ. ಆದರೆ 2001ರಲ್ಲಿ ಬಂದ ಐಟ್ಯೂನ್ಸ್ ಎಂಬ ಪ್ಲೇಯರ್, ಎಷ್ಟು ಸಲ ಕೇಳಿದ್ದು, ಎಷ್ಟು ನಕ್ಷತ್ರ ಕೊಟ್ಟದ್ದು ಎಂಬುದನ್ನು ಫೈಲಿನಲ್ಲಿ ಬರೆಯದೆ ತನ್ನ ಲೈಬ್ರರಿಯ ಕಡತದಲ್ಲಿ ಇಟ್ಟುಕೊಂಡಿತು. ಓದಲು ಬರುವ ಎಕ್ಸ್‌ಎಂಎಲ್ ರೂಪದ ಒಂದು ಪ್ರತಿ ಪಕ್ಕದಲ್ಲಿದ್ದರೂ ಅದು ಬರೀ ನಕಲು. ಅಲ್ಲಿ ತಿದ್ದಿದ್ದನ್ನು ಪ್ಲೇಯರ್ ಗಮನಿಸದೆ ಮತ್ತೆ ಬರೆದುಬಿಡುತ್ತಿತ್ತು.

ಈ ವಿಂಗಡಣೆಯಲ್ಲಿ ನ್ಯಾಯದರ್ಶನದ ಪಕ್ಷವೇ ಗೆಲ್ಲುತ್ತದೆಂಬುದು ನನ್ನ ನಿಲುವು. ಟ್ಯಾಗಿನಲ್ಲಿ ರಾಗ ಕಲ್ಯಾಣಿ ಎಂದಿದ್ದು ಹಾಡು ಶಂಕರಾಭರಣವಾಗಿದ್ದರೆ, ಆ ಎರಡು ರಾಗಗಳನ್ನು ಬೇರ್ಪಡಿಸುವ ಮಧ್ಯಮ ಸ್ವರವನ್ನು ಕೇಳಿದವರು ತಪ್ಪು ಹಿಡಿಯಬಲ್ಲರು. ಸಾಕ್ಷಿ ಹಾಡಿನಲ್ಲೇ ಇದೆ. ಅದನ್ನು ಒಬ್ಬರು ನಲವತ್ತು ಸಲ ಕೇಳಿದ್ದಾರೆಂಬುದಕ್ಕೆ ಹಾಡಿನಲ್ಲಿ ಯಾವ ಸಾಕ್ಷಿಯೂ ಇಲ್ಲ. ಐಡಿ3ಯ ಎರಡನೆಯ ಆವೃತ್ತಿಯಲ್ಲಿ ಎಣಿಕೆಗೂ ಜಾಗವಿದೆಯಲ್ಲ ಎಂದು ಮೀಮಾಂಸಕ ಕೇಳಬಹುದು. ಇದೆ. ಆದರೆ ಬರೀ ಎಣಿಕೆ ಹೊತ್ತ ಫೈಲು ಇನ್ನೊಬ್ಬರ ಕೈಸೇರಿದರೆ ಒಬ್ಬರು ಕೇಳಿದ್ದು ಮತ್ತೊಬ್ಬರ ಲೆಕ್ಕಕ್ಕೆ ಬೀಳುತ್ತದೆ. ಮೆಚ್ಚುಗೆಯನ್ನೂ ಎಣಿಕೆಯನ್ನೂ ಒಟ್ಟಿಗೆ ಬರೆಯಲು ಅದೇ ಆವೃತ್ತಿಯಲ್ಲಿರುವ ಇನ್ನೊಂದು ಅಂಕಣದಲ್ಲಿ ಕೇಳುಗರ ಇಮೇಲ್ ವಿಳಾಸಕ್ಕೂ ಸ್ಥಳವಿದೆ. ಒಂದೇ ಫೈಲಿನಲ್ಲಿ ಹಲವು ವಿಳಾಸಗಳ ಹಲವು ದಾಖಲೆಗಳು ಇರಬಹುದು. ವಸ್ತುವಿನ ಮೈಮೇಲೇ ಬರೆದರೂ ಅದು ಯಾರ ಅರಿವೆಂದು ಹೇಳದೆ ಗತಿಯಿಲ್ಲ.

ಹಾಗಾದರೆ ಕೇಳುಗ ತನಗೆ ಬೇಕಾದ ಅಂಕಿ ಬರೆದುಕೊಳ್ಳಬಹುದೇ? ಇದು ಗಟ್ಟಿ ಆಕ್ಷೇಪ. ಯಂತ್ರದ ಎಣಿಕೆಯಾದರೂ, ಕೇಳಿದ್ದನ್ನು ಅನುಮಾನಿಸಲು ದೋಷವಿಲ್ಲದ ಹೇತುವಲ್ಲ: ಐಟ್ಯೂನ್ಸಿನಂಥ ಪ್ಲೇಯರಿನಲ್ಲಿ ಖಾಲಿ ಕೋಣೆಯಲ್ಲಿ ಹಾಡು ಕೊನೆ ಮುಟ್ಟಿದರೂ ಅಂಕಿ ಏರುತ್ತದೆ, ಮನಸಾರೆ ಕೇಳಿ ಕೊನೆಗೆ ಮುಂಚೆ ನಿಲ್ಲಿಸಿದರೆ ಏರುವುದಿಲ್ಲ. ಕೈಯಿಂದ ಬರೆದ ಅಂಕಿಯದು ಬೇರೆ ಜಾತಿ. ಅದು ಅನುಮಾನವಲ್ಲ, ಶಬ್ದಪ್ರಮಾಣ, ಎಂದರೆ ನಂಬಲರ್ಹನಾದ ಆಪ್ತನ ಮಾತನ್ನೇ ಆಧಾರವಾಗಿ ಹಿಡಿದ ಅರಿವು. ಆಪ್ತನ ಮಾತಿಗಿರುವ ಹೊಣೆ ಅದಕ್ಕೂ ಇದೆ. ಕೆಟ್ಟುಹೋದ ಕಂಪ್ಯೂಟರಿನ ಎಣಿಕೆಯನ್ನು ಹೊಸದಕ್ಕೆ ತಂದು ಕೂಡಿಸುವವರು ನಿಜವನ್ನೇ ನುಡಿಯುತ್ತಾರೆ. ಕೇಳದ ಹಾಡಿಗೆ ನೂರು ಬರೆದವರು, ಬೇರೆ ಯಾರೂ ನೋಡದಿದ್ದರೂ, ಸುಳ್ಳು ಸಾಕ್ಷಿ ಹೇಳುತ್ತಾರೆ. ಆ ಸುಳ್ಳಿಗೆ ಹೆದರಿ ಕಡತಕ್ಕೆ ಬೀಗ ಹಾಕುವುದು ಮಾತ್ರ ಸಲ್ಲದು. ಕೇಳಿದವರ ನೆನಪಿನ ದಾಖಲೆಯನ್ನು ಕೇಳಿದವರು ಓದುವಂತೆ, ತಿದ್ದುವಂತೆ, ಬೇರೆಡೆಗೆ ಒಯ್ಯುವಂತೆ ಬಿಟ್ಟುಕೊಡುವುದು ಪ್ಲೇಯರ್ ತಯಾರಿಸುವವರ ಕರ್ತವ್ಯ.