ಇಂದಿನ ಧಮ್ಮ ಚಿಂತನೆ: ಕಸ ಹೆಕ್ಕುವುದು ಶಿಕ್ಷೆಯೇ?



ಓಡುತ್ತಾ ದಾರಿಯ ಕಸ ಹೆಕ್ಕುವ ವ್ಯಾಯಾಮ ಸ್ವೀಡನ್ನಿನಲ್ಲಿ ಶುರುವಾಯಿತು. ಹೆಸರು ಪ್ಲಾಗಿಂಗ್. ಅಲ್ಲಿ ಅದು ಹೆಮ್ಮೆ. ನಮ್ಮ ಎಷ್ಟೋ ಶಾಲೆಗಳಲ್ಲಿ ತಡವಾಗಿ ಬಂದ ಮಗುವಿಗೆ ಅದೇ ಶಿಕ್ಷೆ. ಮಗು ಸಮಯಪಾಲನೆ ಕಲಿಯುವುದಿಲ್ಲ, ಕಸ ಮುಟ್ಟುವುದು ಅವಮಾನ ಎಂದು ಕಲಿಯುತ್ತದೆ. ಜಾತಿ ಕಲಿಸಿದ ಪಾಠವೂ ಇದೇ. (ಪೊರಕೆ ಮೊದಲು ಯಾರ ಮಕ್ಕಳ ಕೈಗೆ ಬರುತ್ತದೆಂದು ನಮಗೆ ಗೊತ್ತು.) ಬಹುಮಾನ ಇಟ್ಟರೆ? ಬಹುಮಾನ ನಿಂತ ದಿನ ಕೈಯೂ ನಿಲ್ಲುವುದೇ ಹೆಚ್ಚು.

ಕುದುರೆ ಪಳಗಿಸುವ ಕೇಸಿ ಬುದ್ಧರನ್ನು ಕೇಳಿದ: ನೀವು ಜನರನ್ನು ಪಳಗಿಸುವುದು ಹೇಗೆ? ಮೃದುವಾಗಿಯೂ ಕಠಿಣವಾಗಿಯೂ ಎಂದರು ಭಗವಾನರು. ಅವರ ಕಠಿಣದಲ್ಲಿ ಕೋಲಿಲ್ಲ. ಕೆಟ್ಟ ನಡತೆಯ ಫಲ ಇಂಥದು ಎಂದು ಬಿಡಿಸಿ ತೋರಿಸುವುದಷ್ಟೇ. ಯಾವುದಕ್ಕೂ ಬಗ್ಗದವನಿಗೆ ಉಪದೇಶ ನಿಲ್ಲಿಸುವುದೇ ಅವರ ದೊಡ್ಡ ದಂಡನೆ.

ನಮ್ಮ ಬಳಗದ ಮೇಷ್ಟ್ರುಗಳೇ, ಟೀಚರಮ್ಮಂದಿರೇ, ನಾಳೆ ಅಂಗಳದಲ್ಲಿ ಮೊದಲು ನಾವು ಬಗ್ಗೋಣ.

ಜೈ ಭೀಮ್ 💙