ಊರಿನ ಡಿಸ್ಕಿಗೆ ಒಪ್ಪುವ ಪ್ಲೇಯರ್

ಅಮೆರಿಕದ ಕನ್ನಡ ಮನೆಗಳಲ್ಲಿ ಟಿವಿಯ ಕೆಳಗಿನ ಖಾನೆ ತೆಗೆದರೆ ಒಂದಷ್ಟು ಡಿಸ್ಕುಗಳು ಸಿಕ್ಕೇ ಸಿಗುತ್ತವೆ. ತಮ್ಮನ ಮದುವೆ, ಅಕ್ಕನ ಮಗನ ಮುಂಜಿ, ಅಪ್ಪನ ಷಷ್ಟ್ಯಬ್ದಿ, ಗೃಹಪ್ರವೇಶ. ಊರಿನ ಸ್ಟುಡಿಯೋದವರು ಕಂಪ್ಯೂಟರಿನಲ್ಲಿ ಬರ್ನ್ ಮಾಡಿ, ಮೇಲೆ ಮಾರ್ಕರ್ ಪೆನ್ನಿನಿಂದ ಹೆಸರು, ತಾರೀಖು ಬರೆದು ಕೊಟ್ಟವು. ರಜೆ ಸಿಗದೆ ನಾವು ಹೋಗಲಾಗದ ಸಮಾರಂಭಗಳೇ ಅವುಗಳಲ್ಲಿ ಹೆಚ್ಚು. ಈಗ ನಮ್ಮೊಡನಿಲ್ಲದ ಎಷ್ಟೋ ಹಿರಿಯರ ನಡಿಗೆ, ದನಿ, ನಗು ಉಳಿದಿರುವುದು ಅಲ್ಲಿ ಮಾತ್ರ. ಅದಕ್ಕೇ ಯಾವ ಡಿವಿಡಿ ಪ್ಲೇಯರ್ ಕೊಳ್ಳಬೇಕು ಎಂಬ ಪ್ರಶ್ನೆ ನನಗೆ ಸಣ್ಣದಾಗಿ ಕಂಡಿಲ್ಲ.

ಪ್ಲೇಯರ್ ಎಂದೊಡನೆ ಎಲ್ಲರೂ ರೀಜನ್ ಕೋಡ್ ಮಾತೆತ್ತುತ್ತಾರೆ. ಅಮೆರಿಕದ್ದು 1, ಭಾರತದ್ದು 5. ಬೆಂಗಳೂರಿನಿಂದ ತಂದ ಸಿನಿಮಾ ಡಿಸ್ಕಿಗೆ ಇದು ಅಡ್ಡ ಬರಬಹುದು. ಮನೆಯಲ್ಲೋ ಸ್ಟುಡಿಯೋದಲ್ಲೋ ಬರ್ನ್ ಮಾಡಿದ್ದಕ್ಕೆ ಸಾಮಾನ್ಯವಾಗಿ ಈ ಕಟ್ಟುಪಾಡಿಲ್ಲ. ನಿಜವಾದ ತೊಡಕು ಪಾಲ್ ಮತ್ತು ಎನ್‌ಟಿಎಸ್‌ಸಿ ಪದ್ಧತಿಗಳದ್ದು. ಭಾರತದ ಪಾಲ್‌ನಲ್ಲಿ 625 ಗೆರೆ, ಸೆಕೆಂಡಿಗೆ 25 ಚಿತ್ರ. ಅಮೆರಿಕದ ಎನ್‌ಟಿಎಸ್‌ಸಿಯಲ್ಲಿ 525 ಗೆರೆ, ಸೆಕೆಂಡಿಗೆ ಹೆಚ್ಚುಕಡಿಮೆ 30 ಚಿತ್ರ. ಒಂದನ್ನು ಇನ್ನೊಂದಕ್ಕೆ ಬದಲಿಸಿಕೊಡಲಾರದ ಪ್ಲೇಯರ್ ಡಿಸ್ಕನ್ನು ಹಾಗೇ ಹೊರಗೆ ತಳ್ಳುತ್ತದೆ, ಇಲ್ಲವೇ ಹಳೆಯ ಟಿವಿಯಲ್ಲಿ ಚಿತ್ರ ಬಣ್ಣಗೆಟ್ಟು ಉರುಳತೊಡಗುತ್ತದೆ. ಲಂಡನ್, ಸಿಡ್ನಿಯ ಕನ್ನಡಿಗರಿಗೆ ಈ ತಾಪತ್ರಯ ಇರಲಿಲ್ಲ. ಅಲ್ಲಿಯೂ ಪಾಲ್ ಪದ್ಧತಿಯೇ. ನಾವು ಮಾತ್ರ ಪೆಟ್ಟಿಗೆಯ ಮೇಲೆ ಪಾಲ್‌ನಿಂದ ಎನ್‌ಟಿಎಸ್‌ಸಿಗೆ ಪರಿವರ್ತನೆ ಇದೆಯೇ ಎಂದು ಮೊದಲು ನೋಡಬೇಕು. ಬೆಲೆ ಹೆಚ್ಚೆಂದು ಬ್ಲೂ-ರೇ ಪ್ಲೇಯರನ್ನು ನಂಬಿ ಕೂರುವಂತಿಲ್ಲ. ಇಲ್ಲಿ ಮಾರುವ ಎಷ್ಟೋ ಬ್ಲೂ-ರೇ ಪ್ಲೇಯರುಗಳು ಪಾಲ್ ಡಿಸ್ಕನ್ನು ಮುಟ್ಟುವುದೇ ಇಲ್ಲ.

ಇನ್ನು ಬರ್ನ್ ಮಾಡಿದ ಡಿಸ್ಕಿನ ಸ್ವಭಾವ. ಕಾರ್ಖಾನೆಯ ಡಿಸ್ಕಿನಲ್ಲಿ ಅಚ್ಚೊತ್ತಿದ ಕುಳಿಗಳಿರುತ್ತವೆ. ಒಮ್ಮೆ ಮಾತ್ರ ಬರೆಯಬಹುದಾದ ಡಿಸ್ಕಿನಲ್ಲಿರುವುದು ಲೇಸರ್ ಶಾಖಕ್ಕೆ ಬದಲಾದ ಒಂದು ತೆಳು ಬಣ್ಣದ ಪದರ. ಮೊದಮೊದಲ ಡಿವಿಡಿ ಪ್ಲೇಯರುಗಳ ಕೆಂಪು ಲೇಸರಿನ ತರಂಗಾಂತರ 650 ನ್ಯಾನೋಮೀಟರ್. ಸಿಡಿ-ಆರ್‌ನ ಬಣ್ಣವಾದರೋ 780 ನ್ಯಾನೋಮೀಟರಿಗೆ ಹೊಂದುವಂಥದ್ದು. ಅಚ್ಚಾದ ವಿಸಿಡಿ ಸಲೀಸಾಗಿ ಓಡಿದ ಪ್ಲೇಯರಿನಲ್ಲೇ ಸ್ಟುಡಿಯೋದವರು ಸಿಡಿ-ಆರ್‌ಗೆ ಬರೆದುಕೊಟ್ಟ ಮದುವೆ ವಿಸಿಡಿ ಕಾಣದೇ ಹೋದದ್ದು ಹೀಗೆ. ಎರಡು ತರಂಗಾಂತರಗಳ ಲೇಸರ್ ಇರುವ ಪ್ಲೇಯರುಗಳು ಬಂದ ಮೇಲೆ ಆ ಕಷ್ಟ ತೀರಿತು.

ಅಷ್ಟರಲ್ಲಿ ಡಿವಿಡಿಯಲ್ಲೇ ಎರಡು ಬಣಗಳಾದವು. ಪಯೋನಿಯರ್ 1997ರಲ್ಲಿ ತಂದ ಡಿವಿಡಿ-ಆರ್ ಒಂದು ಕಡೆ. ಫಿಲಿಪ್ಸ್, ಸೋನಿ ಮುಂತಾದವರ ಕೂಟ 2002ರಲ್ಲಿ ತಂದ ಡಿವಿಡಿ ಪ್ಲಸ್ ಆರ್ ಇನ್ನೊಂದು ಕಡೆ. ಹಳೆಯ ಪ್ಲೇಯರುಗಳು ಸಾಮಾನ್ಯವಾಗಿ ಮೊದಲನೆಯದಕ್ಕೇ ಹೆಚ್ಚು ಒಗ್ಗುತ್ತವೆ. ಅಳಿಸಿ ಬರೆಯುವ ಆರ್‌ಡಬ್ಲ್ಯು ಡಿಸ್ಕು ಬೆಳಕನ್ನು ಕಡಿಮೆ ಹಿಂತಿರುಗಿಸುವುದರಿಂದ ಅದನ್ನು ಓದಲಾಗದ ಪ್ಲೇಯರುಗಳೂ ಇವೆ. ಕ್ಯಾಮ್‌ಕಾರ್ಡರಿನಲ್ಲೇ ತುಂಬಿಸಿದ ಪುಟ್ಟ ಡಿಸ್ಕಾದರೆ ಅದನ್ನು ಫೈನಲೈಸ್ ಮಾಡಿರಬೇಕು. ಆ ಕೆಲಸ ಬಾಕಿ ಇದ್ದರೆ ಬೇರೆ ಯಂತ್ರಕ್ಕೆ ಅದು ಖಾಲಿ ಡಿಸ್ಕಿನಂತೆ ಕಾಣಬಹುದು. ಕ್ಯಾಮ್‌ಕಾರ್ಡರನ್ನು ಬಿಸಾಡುವ ಮುನ್ನ ಇದನ್ನು ದಯವಿಟ್ಟು ನೋಡಿ.

ಇಷ್ಟೆಲ್ಲ ಓದಿಕೊಂಡರೂ ಪೆಟ್ಟಿಗೆಯ ಮೇಲಿನ ಬರಹ ಅರ್ಧ ಭರವಸೆ ಮಾತ್ರ. ಪರಿಚಯದವರಲ್ಲಿ ಒಳ್ಳೆಯ ಪ್ಲೇಯರ್ ಇದೆಯೆಂದರೆ ನಿಮ್ಮ ಅತ್ಯಂತ ಹಟಮಾರಿ ಡಿಸ್ಕನ್ನು ಕೊಂಡೊಯ್ದು ಹಾಕಿ ನೋಡಿ, ಅದೂ ಕೊನೆಯ ಹತ್ತು ನಿಮಿಷದ ಭಾಗವನ್ನು. ಡಿಸ್ಕಿನಲ್ಲಿ ಬರವಣಿಗೆ ನಡುವಿನಿಂದ ಅಂಚಿನ ಕಡೆಗೆ ಸಾಗುತ್ತದೆ. ಬರ್ನ್ ಮಾಡುವಾಗಿನ ಕುಂದು, ಬೆರಳಿನ ಗುರುತು, ಅಂಟಿಸಿದ ಕಾಗದದ ಲೇಬಲ್ಲಿನಿಂದಾದ ಓಲಾಟ ಎಲ್ಲವೂ ಅಂಚಿನಲ್ಲೇ ಹೆಚ್ಚು ಬಾಧಿಸುತ್ತವೆ. ಕಾಶೀಯಾತ್ರೆ, ಧಾರೆ ಚೆನ್ನಾಗಿ ಓಡಿ, ಸರಿಯಾಗಿ ಹೆಣ್ಣೊಪ್ಪಿಸುವ ಹೊತ್ತಿಗೆ ಚಿತ್ರ ಚೌಕಚೌಕವಾಗಿ ಒಡೆದು ನಿಲ್ಲುವುದು ಈ ಕಾರಣಕ್ಕೆ. ಅಲ್ಲಿಯೂ ತಡವರಿಸದ ಪ್ಲೇಯರ್ ಹಳೆಯದಾದರೂ, ಅಗ್ಗದ್ದಾದರೂ ಕೊಳ್ಳಲು ಯೋಗ್ಯ.

ಆದರೆ ಎಂಥ ಪ್ಲೇಯರೂ ಮಾಸಿದ ಬಣ್ಣವನ್ನು ಮರಳಿ ತರಲಾರದು. ಬಿಸಿಲು, ಸೆಕೆ, ತೇವಕ್ಕೆ ಆ ಪದರ ಕೆಡುತ್ತದೆ. ಹಾಗಾಗಿ ಕೆಡುವ ಮುನ್ನವೇ ಕಂಪ್ಯೂಟರಿಗೆ ನಕಲು ಮಾಡಿಕೊಳ್ಳುವುದು ಒಳ್ಳೆಯದು. ಹೊಸ ಲ್ಯಾಪ್‌ಟಾಪುಗಳಲ್ಲಿ ಡಿಸ್ಕ್ ಡ್ರೈವ್ ಇರುವುದೇ ಅಪರೂಪವಾಗಿದೆ, ಆದರೂ ಯುಎಸ್‌ಬಿಗೆ ಜೋಡಿಸುವ ಡ್ರೈವ್ ಈಗಲೂ ಅಂಗಡಿಗಳಲ್ಲಿ ಸಿಗುತ್ತದೆ. ಡಿವಿಡಿಯೊಳಗಿನ ವಿಡಿಯೋ_ಟಿಎಸ್ ಫೋಲ್ಡರನ್ನು ಇಡಿಯಾಗಿ ಹಾರ್ಡ್ ಡಿಸ್ಕಿಗೆ ನಕಲು ಮಾಡಿಕೊಂಡರೆ ಗುಣಮಟ್ಟ ಕಿಂಚಿತ್ತೂ ಕುಗ್ಗದು. ವಿಎಲ್‌ಸಿ ತಂತ್ರಾಂಶ ಪಾಲ್, ಎನ್‌ಟಿಎಸ್‌ಸಿ ಎರಡನ್ನೂ ತೋರಿಸುತ್ತದೆ. ಇಂಥ ಒಂದು ಡ್ರೈವ್, ಒಂದು ಒಳ್ಳೆಯ ಪ್ಲೇಯರ್ ನಮ್ಮ ಕನ್ನಡ ಸಂಘದ ಆಸ್ತಿಯಾಗಿರಲಿ. ರಾಜ್ಯೋತ್ಸವದ ದಿನ ಊಟದ ಹಾಲ್‌ನ ಪಕ್ಕದಲ್ಲಿ ಅದಕ್ಕೊಂದು ಮೇಜು ಹಾಕಿಸಬೇಕೆಂದು ಕಾರ್ಯಕಾರಿ ಸಮಿತಿಯನ್ನು ಕೇಳಿಕೊಳ್ಳುತ್ತೇನೆ. ಸದಸ್ಯರೆಲ್ಲರೂ ಅಂದು ತಮ್ಮ ಡಿಸ್ಕುಗಳನ್ನು ಮರೆಯದೆ ತನ್ನಿ.